ಬಾನೆಟ್ ಪಿನ್ ವಿಮರ್ಶೆ: ಸಾದಾ ಪಿನ್, ಫ್ಲಶ್ ಲ್ಯಾಚ್, ಬಟನ್ ಲ್ಯಾಚ್

ಕಾರಿನ ಬಾನೆಟ್ಟನ್ನು (ಎಂಜಿನ್ ಮುಚ್ಚಳ) ಮುಚ್ಚಿ ಹಿಡಿಯಲು ಹೊರಗಿನಿಂದ ಹಾಕುವ ಪಿನ್ನಿನ ಕಿಟ್ ಬಿಚ್ಚಿದ ಕೂಡಲೇ ಕಣ್ಣು ಹೋಗುವುದು ಮೇಲಿನ ಹೊಳೆಯುವ ಪ್ಲೇಟ್ ಕಡೆಗೆ. ಬಾನೆಟ್ಟನ್ನು ಹಿಡಿದಿಡುವ ಕೆಲಸ ಆ ಪ್ಲೇಟ್‌ನದ್ದಲ್ಲ. ಪಿನ್ನಿನ ಬುಡ ಯಾವ ತಗಡಿಗೆ ಕಚ್ಚಿಕೊಂಡಿದೆ, ಅದರಡಿ ಎಷ್ಟು ಅಗಲದ ವಾಷರ್ ಇದೆ, ಪಿನ್ನಿನ ಎತ್ತರ ಎಷ್ಟು ಕರಾರುವಾಕ್ಕಾಗಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಎಷ್ಟೇ ದುಬಾರಿ ಲ್ಯಾಚ್ ಆದರೂ ತೆಳು ತಗಡಿಗೆ ಬಿಗಿದರೆ ಒಂದು ದಿನ ತಗಡನ್ನೇ ಹರಿದುಕೊಂಡು ಮೇಲೆ ಬರುತ್ತದೆ. ಹಾಗಾಗಿ ಈ ಮೂರು ಬಗೆಯ ಪಿನ್‌ಗಳನ್ನು ನೋಡುವಾಗ ಅಂದಕ್ಕಿಂತ ಹೆಚ್ಚಾಗಿ ಅವು ಕೂರುವ ಜಾಗದಿಂದ ಏನು ಬೇಡುತ್ತವೆ ಎಂಬುದನ್ನೇ ಅಳೆದಿದ್ದೇವೆ.

ಮೊದಲ ಪ್ರಶ್ನೆ, ಪಿನ್ ಬೇಕೇ? ಕಂಪನಿ ಕೊಟ್ಟ ಸ್ಟೀಲ್ ಬಾನೆಟ್, ಸರಿಯಾಗಿ ಕೆಲಸ ಮಾಡುವ ಲಾಕ್ ಇರುವ ಕಾರಿಗೆ ಬೇಡ. ಆ ಲಾಕ್‌ನಲ್ಲಿ ಎರಡು ಹಂತಗಳಿವೆ. ಮುಖ್ಯ ಕೊಂಡಿ ಬಿಟ್ಟರೂ ಎರಡನೆಯ ಕೊಕ್ಕೆ ಬಾನೆಟ್ಟನ್ನು ಕೆಲವೇ ಬೆರಳಿನಷ್ಟು ಎತ್ತರಕ್ಕೆ ತಡೆದು ನಿಲ್ಲಿಸುತ್ತದೆ. ಪಿನ್‌ನಲ್ಲಿ ಅಂಥ ಎರಡನೇ ಅವಕಾಶವಿಲ್ಲ. ಲಾಕ್ ಸವೆದಿದೆ, ಕೇಬಲ್ ಜಿಗುಟಾಗಿದೆ, ಹಿಂಜ್ ಬಾಗಿದೆ ಎಂಬ ಕಾರಣಕ್ಕೆ ಪಿನ್ ಹಾಕುವುದು ತಪ್ಪು. ಅದನ್ನೇ ರಿಪೇರಿ ಮಾಡಿಸಬೇಕು. ಪಿನ್ ನಿಜವಾಗಿ ಬೇಕಾಗುವುದು ಫೈಬರ್ ಗ್ಲಾಸ್ ಅಥವಾ ಕಾರ್ಬನ್ ಫೈಬರ್ ಬಾನೆಟ್ ಹಾಕಿಸಿದಾಗ. ಈ ಬಾನೆಟ್‌ಗಳಲ್ಲಿ ಲಾಕ್‌ನ ಸ್ಟ್ರೈಕರ್ (ಲಾಕ್ ಕಚ್ಚಿ ಹಿಡಿಯುವ ಲೋಹದ ಕುಣಿಕೆ) ಕೂರುವ ಜಾಗಕ್ಕೆ ಎಷ್ಟೋ ಸಲ ಒಳಗಡೆ ಲೋಹದ ಬಲವೇ ಇರುವುದಿಲ್ಲ. ರೆಸಿನ್ ಪದರಕ್ಕೆ ಅಂಟಿಸಿದ ನಾಲ್ಕು ಬೋಲ್ಟ್ ಇರುತ್ತವೆ, ಅಷ್ಟೇ. ಜೊತೆಗೆ ಹಗುರವಾದ ಬಾನೆಟ್‌ನ ಮುಂದಿನ ಮೂಲೆಗಳು ಗಾಳಿಗೆ ಪಟಪಟ ಅದುರುತ್ತವೆ, ನಡುವಿನ ಒಂದು ಲಾಕ್ ಅದನ್ನು ತಡೆಯಲಾರದು.

ಎಷ್ಟು ಬಲ ಎಂಬ ಅಂದಾಜಿಗೆ ಒಂದು ಲೆಕ್ಕ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರು ಗಾಳಿಯ ಒತ್ತಡ ಪ್ರತಿ ಚದರ ಮೀಟರಿಗೆ ಸುಮಾರು 48 ಕೆ.ಜಿ. ತೂಕದಷ್ಟು. ಅದರ ಅರ್ಧ ಮಾತ್ರ ಬಾನೆಟ್ಟನ್ನು ಮೇಲಕ್ಕೆ ಎತ್ತುತ್ತದೆ ಎಂದುಕೊಂಡರೂ 1.2 ಚದರ ಮೀಟರ್ ಬಾನೆಟ್‌ಗೆ 29 ಕೆ.ಜಿ. ಆಯಿತು. ಒತ್ತಡ ವೇಗದ ವರ್ಗದಂತೆ ಏರುವುದರಿಂದ 200 ಕಿ.ಮೀ.ಗೆ ಅದೇ ಬಾನೆಟ್ ಮೇಲೆ 116 ಕೆ.ಜಿ. ಎರಡು ಪಿನ್ ಹಂಚಿಕೊಂಡರೆ ಒಂದಕ್ಕೆ 58. 10 ಮಿ.ಮೀ. ಸ್ಟೀಲ್ ಪಿನ್‌ಗೆ ಇದು ಏನೇನೂ ಅಲ್ಲ. ಆದರೆ ಮುಕ್ಕಾಲು ಮಿ.ಮೀ. ದಪ್ಪದ ತಗಡಿಗೆ, ಅಂಚಿನಲ್ಲಿ ಬಿರುಕು ಬಿಟ್ಟ ಫೈಬರ್ ತೂತಿಗೆ, ಪ್ರತಿ ಕ್ಷಣ ಅದುರುತ್ತಾ ಬೀಳುವ 58 ಕೆ.ಜಿ. ದೊಡ್ಡ ಮಾತು. ಸೋಲುವುದು ಪಿನ್ ಅಲ್ಲ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಸಾದಾ ಪಿನ್ ಮತ್ತು ಕ್ಲಿಪ್

ಹಳೆಯ, ನಂಬಿಕಸ್ಥ ಬಗೆ. ಥ್ರೆಡ್ ಇರುವ ಒಂದು ಸಲಾಕೆ, ಅದರ ತುದಿಯಲ್ಲಿ ಅಡ್ಡ ತೂತು, ಬಾನೆಟ್ ಮೇಲೆ ತೂತಿನ ಸುತ್ತ ಗೀರು ಬೀಳದಂತೆ ಕಾಯುವ ಒಂದು ಸ್ಕಫ್ ಪ್ಲೇಟ್, ತೂತಿಗೆ ತೂರಿಸುವ ಕ್ಲಿಪ್. 1969ರಲ್ಲಿ ಡಾಡ್ಜ್ ಸೂಪರ್ ಬೀ ಮತ್ತು ಪ್ಲಿಮತ್ ರೋಡ್ ರನ್ನರ್ ಕಾರುಗಳು ಮೂರು ಕಾರ್ಬ್ಯುರೇಟರ್‌ಗಳ 440 ಘನ ಇಂಚಿನ ಎಂಜಿನ್ನಿನೊಂದಿಗೆ ಬಂದಾಗ ಹಿಂಜೇ ಇಲ್ಲದ ಫೈಬರ್ ಬಾನೆಟ್ಟನ್ನು ನಾಲ್ಕು ಮೂಲೆಗಳಲ್ಲಿ ಹಿಡಿದಿದ್ದು ಇಂಥವೇ ನಾಲ್ಕು ಪಿನ್‌ಗಳು. ಎಂಜಿನ್ ನೋಡಬೇಕೆಂದರೆ ಬಾನೆಟ್ಟನ್ನೇ ಎತ್ತಿ ಪಕ್ಕಕ್ಕಿಡಬೇಕಿತ್ತು. ಕಾರ್ಖಾನೆಯೇ ರಸ್ತೆ ಕಾರಿಗೆ ಇದನ್ನು ಸಾಕೆಂದು ಒಪ್ಪಿತ್ತು ಎಂಬುದು ಗಮನಿಸಬೇಕಾದ ವಿಷಯ.

ಇದರ ದೊಡ್ಡ ಗುಣ ಸಹನೆ. ಪಿನ್ ಒಂದೆರಡು ಮಿ.ಮೀ. ಆಚೀಚೆ ಆದರೂ ತೂತನ್ನು ಸ್ವಲ್ಪ ಅರದಿಂದ ಉಜ್ಜಿ ಸರಿಮಾಡಬಹುದು, ಪ್ಲೇಟ್ ಅದನ್ನು ಮುಚ್ಚುತ್ತದೆ. ಎತ್ತರವನ್ನು ನಟ್ ತಿರುಗಿಸಿ ಹೊಂದಿಸಬಹುದು. ಕ್ಲಿಪ್ ಕೂತಿದೆಯೋ ಇಲ್ಲವೋ ಎಂಬುದು ಸೀಟಿನಲ್ಲಿ ಕೂತೇ ಕಾಣುತ್ತದೆ. ಕೆಟ್ಟರೆ ಒಂದು ಕ್ಲಿಪ್ ಬದಲಿಸಿದರೆ ಮುಗಿಯಿತು.

ಕೊಳ್ಳುವಾಗ ಸಲಾಕೆಯ ಲೋಹ ನೋಡಿ. ಸ್ಟೇನ್‌ಲೆಸ್ ಎಂದು ಹೇಳಿ ಕ್ರೋಮ್ ಲೇಪಿಸಿದ ಸಾದಾ ಉಕ್ಕು ಕೊಡುವುದು ಸಾಮಾನ್ಯ. ಆಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ: 304 ದರ್ಜೆಯ ಸ್ಟೇನ್‌ಲೆಸ್ ಆಯಸ್ಕಾಂತಕ್ಕೆ ಅಂಟುವುದೇ ಇಲ್ಲ ಅಥವಾ ತೀರಾ ಮೆಲ್ಲಗೆ ಎಳೆಯುತ್ತದೆ, ಉಕ್ಕು ಟಪ್ಪನೆ ಕಚ್ಚಿಕೊಳ್ಳುತ್ತದೆ. ಕ್ರೋಮ್ ಪಿನ್‌ನಲ್ಲಿ ಕ್ಲಿಪ್ ಉಜ್ಜುವ ಅಡ್ಡ ತೂತಿನ ಒಳಗೇ ಲೇಪ ಮೊದಲು ಹೋಗಿ, ಒಂದು ಮಳೆಗಾಲದಲ್ಲಿ ತುಕ್ಕಿನ ಕಂದು ಗೆರೆ ಬಾನೆಟ್ ಮೇಲೆ ಇಳಿಯುತ್ತದೆ. ಅಲ್ಯೂಮಿನಿಯಂ ಪಿನ್‌ಗಳು ಬಣ್ಣಬಣ್ಣದಲ್ಲಿ ಬರುತ್ತವೆ, ನೋಡಲು ಚೆಂದ, ಆದರೆ ಸ್ಟೀಲ್ ಕ್ಲಿಪ್ ಆ ಮೆದು ತೂತನ್ನು ತಿಂದು ಅಂಡಾಕಾರ ಮಾಡುತ್ತದೆ. ಪ್ರದರ್ಶನದ ಕಾರಿಗೆ ಸರಿ, ದಿನಾ ಓಡುವ ಕಾರಿಗೆ ಬೇಡ. ಸ್ಟೇನ್‌ಲೆಸ್ ಸಲಾಕೆಗೆ ಸ್ಟೇನ್‌ಲೆಸ್ ನಟ್ ಹಾಕುವಾಗ ಥ್ರೆಡ್‌ಗೆ ಆಂಟಿ-ಸೀಜ್ ಪೇಸ್ಟ್ ಸವರಲೇಬೇಕು. ಒಣಗಿದ್ದಾಗ ಬಿಗಿದರೆ ಎರಡೂ ಒಂದಕ್ಕೊಂದು ಬೆಸೆದುಕೊಂಡಂತೆ ಹಿಡಿದುಬಿಡುತ್ತವೆ, ಆಮೇಲೆ ಗರಗಸವೇ ಗತಿ.

ದಪ್ಪ 10 ಮಿ.ಮೀ. ಅಥವಾ 3/8 ಇಂಚು ಸಾಕು. ಅರ್ಧ ಇಂಚಿನದು ತೂತು ದೊಡ್ಡದಾಗಿಸುತ್ತದೆ, ರಸ್ತೆ ಕಾರಿಗೆ ಹೆಚ್ಚಿನ ಪ್ರಯೋಜನವಿಲ್ಲ. ಉದ್ದ ಮಾತ್ರ ಅಳೆದೇ ಕೊಳ್ಳಬೇಕು: ಪಿನ್ ನಿಲ್ಲುವ, ರೇಡಿಯೇಟರ್ ಮೇಲಿನ ಅಡ್ಡಪಟ್ಟಿಯಿಂದ ಬಾನೆಟ್‌ನ ಹೊರಮೈವರೆಗಿನ ಅಂತರಕ್ಕೆ, ಮೇಲೆ ಕಾಣಬೇಕಾದ 15ರಿಂದ 20 ಮಿ.ಮೀ., ಕೆಳಗೆ ನಟ್-ವಾಷರ್‌ಗೆ 25 ಮಿ.ಮೀ. ಸೇರಿಸಿ.

ಕ್ಲಿಪ್‌ಗಳಲ್ಲಿ ಎರಡು ಜಾತಿ. ಹೇರ್‌ಪಿನ್ ಆಕಾರದ್ದರಲ್ಲಿ ನೇರ ಕಾಲು ತೂತಿನೊಳಗೆ ಹೋಗುತ್ತದೆ, ಡೊಂಕು ಕಾಲು ಪಿನ್ನನ್ನು ಹೊರಗಿನಿಂದ ಅಪ್ಪುತ್ತದೆ. ಕೂತ ಮೇಲೆ ಆ ಡೊಂಕಿನ ತಗ್ಗು ಪಿನ್ನಿನ ನಡುಮಧ್ಯ ದಾಟಿರಬೇಕು. ಅರ್ಧಕ್ಕೇ ನಿಂತಿದ್ದರೆ ಅದುರಿ ಅದುರಿ ತಾನೇ ಹಿಂದೆ ಸರಿಯುತ್ತದೆ. ಇನ್ನೊಂದು ಟಾರ್ಷನ್ ಕ್ಲಿಪ್, ತೂರಿಸಿದ ಮೇಲೆ ಕುಣಿಕೆಯನ್ನು ಪಿನ್ನಿನ ಮೇಲಿಂದ ಮಗುಚಿ ಕೂರಿಸುವಂಥದ್ದು. ಸ್ಪ್ರಿಂಗ್ ಬಲ ಅದನ್ನು ಕೆಳಗೆ ಒತ್ತಿ ಹಿಡಿಯುತ್ತದೆ. ಆಯ್ಕೆ ಇದ್ದರೆ ಯಾವಾಗಲೂ ಈ ಎರಡನೆಯದೇ ಇರಲಿ.

ಕಿಟ್‌ನೊಂದಿಗೆ ಬರುವ ಕೇಬಲ್ ಹಗ್ಗ ಕ್ಲಿಪ್ ಕಳೆಯದಿರಲಿ ಎಂದು. ಪ್ಲಾಸ್ಟಿಕ್ ಹೊದಿಕೆ ಇಲ್ಲದ ಉಕ್ಕಿನ ಹಗ್ಗ ಬಾನೆಟ್ ಬಣ್ಣವನ್ನು ಅರ್ಧಚಂದ್ರಾಕಾರದಲ್ಲಿ ಕೆರೆಯುತ್ತದೆ. ಹೊದಿಕೆ ಇರುವುದನ್ನೇ ಆರಿಸಿ, ತುದಿಯನ್ನು ಗ್ರಿಲ್ ಹಿಂದೆ ಕಟ್ಟಿ, ಹೊರಗೆ ಬೇಕಾದಷ್ಟೇ ಉದ್ದ ಬಿಡಿ.

ಫ್ಲಶ್ ಲ್ಯಾಚ್

ಬಾನೆಟ್ ಮೈಗೆ ಸಮವಾಗಿ ಕೂರುವ, ಒತ್ತಿದರೆ ಲೀವರ್ ಮೇಲೇಳುವ ಬಗೆ. ಏರೋಕ್ಯಾಚ್ ಎಂಬುದು ಇದರಲ್ಲಿ ಪರಿಚಿತ ಹೆಸರು. ಮೇಲಿನಿಂದ ಕೂರುವುದು, ಕೆಳಗಿನಿಂದ ಕೂರುವುದು, ಕೀಲಿ ಇರುವುದು, ಇಲ್ಲದ್ದು ಎಂದು ವಿಧಗಳಿವೆ. ಲೀವರ್ ಮಡಚಿದಾಗ ಒಳಗಿನ ಅಡ್ಡ ಕಡ್ಡಿ ಸರಿದು ಪಿನ್ನಿನ ತೂತಿನೊಳಗೆ ಹೋಗುತ್ತದೆ. ಸಿಕ್ಕಿಕೊಳ್ಳುವ ಹಗ್ಗವಿಲ್ಲ, ಚಾಚಿದ ಮೊನೆಯಿಲ್ಲ, ನಡೆದು ಹೋಗುವವರಿಗೆ ತಾಗುವ ಭಯ ಕಡಿಮೆ. ಲೀವರ್ ಮೈಗೆ ಸಮವಾಗಿಲ್ಲದಿದ್ದರೆ ಕೂತಿಲ್ಲ ಎಂದೇ ಅರ್ಥ, ಒಂದೇ ನೋಟಕ್ಕೆ ತಿಳಿಯುತ್ತದೆ.

ಆದರೆ ಇದು ಒರಟು ಕೆಲಸ ಸಹಿಸುವುದಿಲ್ಲ. ಕಡ್ಡಿ ತೂತಿನೊಳಗೇ ಹೋಗಬೇಕಾದ್ದರಿಂದ ಪಿನ್ನಿನ ಎತ್ತರ, ಜಾಗ, ತೂತಿನ ದಿಕ್ಕು ಮೂರೂ ಒಂದು ಮಿ.ಮೀ. ಒಳಗೆ ಹೊಂದಬೇಕು. ಬಾನೆಟ್‌ನಲ್ಲಿ ಉದ್ದ ಅಂಡಾಕಾರದ ಕಿಂಡಿ ಕೊರೆಯಬೇಕು. ತಪ್ಪಿದರೆ ಮುಚ್ಚಲು ಯಾವ ಪ್ಲೇಟೂ ಇಲ್ಲ. ಲ್ಯಾಚ್‌ನ ಒಡಲು ಬಾನೆಟ್ ಅಡಿಗೆ ಇಳಿಯುವುದರಿಂದ ಅಲ್ಲಿ ಒಳಚೌಕಟ್ಟಿನ ಪಕ್ಕೆ ಬಂದರೆ ಅದನ್ನು ಕತ್ತರಿಸಬೇಕಾಗುತ್ತದೆ, ಅಂದರೆ ಬಲ ಬೇಕಾದ ಕಡೆಯೇ ಬಲ ತೆಗೆದಂತೆ. ಬಾನೆಟ್ ಉಬ್ಬಿರುವ ಜಾಗದಲ್ಲಿ ಕೂರಿಸಿದರೆ ಲ್ಯಾಚ್‌ನ ಅಂಚು ಎರಡು ತುದಿಯಲ್ಲಿ ಎದ್ದು ನಿಲ್ಲುತ್ತದೆ. ಸ್ಕ್ರೂ ಬಿಗಿದು ಅದನ್ನು ಎಳೆದು ಕೂರಿಸಲು ಹೋದರೆ ಫೈಬರ್‌ನ ಮೇಲ್ಪದರದಲ್ಲಿ ಸ್ಕ್ರೂ ತೂತಿನಿಂದ ಕೂದಲೆಳೆಯ ಬಿರುಕು ಹೊರಡುತ್ತದೆ. ಸಮತಟ್ಟಾದ ಜಾಗ ಸಿಗದ ಬಾನೆಟ್‌ಗೆ ಈ ಬಗೆಯನ್ನು ಬಿಟ್ಟುಬಿಡುವುದೇ ಮೇಲು.

ನಕಲುಗಳ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು. ನೋಡಲು ಅಚ್ಚು ಹಾಗೆಯೇ ಇರುವ, ಹೆಸರಿಲ್ಲದ ಲ್ಯಾಚ್‌ಗಳು ಬೇಕಾದಷ್ಟಿವೆ. ಕೈಯಲ್ಲಿ ಹಿಡಿದು 20 ಸಲ ತೆರೆದು ಮುಚ್ಚಿ. ಲೀವರ್ ಪಕ್ಕಕ್ಕೆ ಅಲ್ಲಾಡಿದರೆ, ಅಡ್ಡ ಕಡ್ಡಿ ನೇರ ಜಾರದೆ ತಡವರಿಸಿದರೆ, ಒತ್ತುಗುಂಡಿಯ ಸ್ಪ್ರಿಂಗ್ ಪ್ರತಿ ಸಲವೂ ಒಂದೇ ಬಿಗಿಯಲ್ಲಿ ಮರಳದಿದ್ದರೆ ಅಲ್ಲೇ ಬಿಡಿ. ಇವು ಸಾಮಾನ್ಯವಾಗಿ ಮುರಿಯುವುದು ಲೀವರ್ ತಿರುಗುವ ಗೂಟದ ಬಳಿ, ಅದೂ ಪ್ಲಾಸ್ಟಿಕ್ ಬಿಸಿಲಿಗೆ ಬೆಳ್ಳಗೆ ಬಿರುಸಾದ ಮೇಲೆ. ಅಸಲಿಗೆ ಹಣ ಸಾಲದಿದ್ದರೆ ನಕಲಿ ಫ್ಲಶ್ ಲ್ಯಾಚ್‌ಗಿಂತ ಒಳ್ಳೆಯ ಸಾದಾ ಪಿನ್ ಎಷ್ಟೋ ಪಾಲು ಸುರಕ್ಷಿತ.

ಬಟನ್ ಲ್ಯಾಚ್

ಬಾನೆಟ್ ಮೇಲೆ ಒಂದು ದುಂಡು ಗುಂಡಿ ಮಾತ್ರ ಕಾಣುತ್ತದೆ. ಪಿನ್ನಿನ ತಲೆಯ ಕೆಳಗೆ ಸುತ್ತಲೂ ತೋಡು ಇರುತ್ತದೆ. ಲ್ಯಾಚ್ ಆ ತೋಡನ್ನು ಕಚ್ಚುತ್ತದೆ. ಸುತ್ತಲೂ ತೋಡು ಇರುವುದರಿಂದ ಪಿನ್ ಯಾವ ದಿಕ್ಕಿಗೆ ತಿರುಗಿದ್ದರೂ ಪರವಾಗಿಲ್ಲ, ಹೊಂದಾಣಿಕೆಯ ತಲೆನೋವು ಅರ್ಧ ಕಡಿಮೆ. ಕೊರೆಯಬೇಕಾದ್ದು ದುಂಡು ತೂತು, ಹೋಲ್ ಸಾ (ಡ್ರಿಲ್‌ಗೆ ಹಾಕುವ ದುಂಡು ಗರಗಸ) ಸಾಕು. ಲೋಹದ ಒಡಲು ಇರುವುದು ಬಿಸಿಲಿಗೂ ಎಂಜಿನ್ ಬಿಸಿಗೂ ಹೆದರುವುದಿಲ್ಲ. ಅವಗುಣ ಒಂದೇ, ಆದರೆ ಚಿಕ್ಕದಲ್ಲ: ಕೂತಿದೆಯೇ ಎಂದು ಕಣ್ಣಿಗೆ ಕಾಣುವುದಿಲ್ಲ. ಮುಚ್ಚಿದ ಮೇಲೆ ಪ್ರತಿ ಲ್ಯಾಚ್ ಬಳಿ ಬಾನೆಟ್ ಅಂಚನ್ನು ಬೆರಳಿನಿಂದ ಎತ್ತಿ ನೋಡುವ ಅಭ್ಯಾಸ ಇಲ್ಲದವರಿಗೆ ಇದನ್ನು ಶಿಫಾರಸು ಮಾಡಲಾರೆವು. ಧೂಳು, ಕೆಸರು ಹೆಚ್ಚಿರುವ ರಸ್ತೆಯಲ್ಲಿ ಒಳಗೆ ಮಣ್ಣು ಕೂತು ಗುಂಡಿ ಅರ್ಧಕ್ಕೇ ನಿಲ್ಲುತ್ತದೆ. ಗ್ರೀಸ್ ಹಚ್ಚಿದರೆ ಮಣ್ಣು ಇನ್ನಷ್ಟು ಅಂಟುತ್ತದೆ. ತೊಳೆದು ಒಣಗಿಸಿ ಪಿಟಿಎಫ್‌ಇ (ಟೆಫ್ಲಾನ್) ಇರುವ ಒಣ ಸ್ಪ್ರೇ ಹಾಕಬೇಕು. ಫ್ಲಶ್ ಲ್ಯಾಚ್‌ಗೂ ಇದೇ ಮಾತು.

ಕಾಲು ಸುತ್ತಿಗೆ ತೆರೆಯುವ ಡ್ಜಸ್ ಸ್ಕ್ರೂಗಳನ್ನು ಕೆಲವರು ಬಾನೆಟ್‌ಗೂ ಹಾಕುತ್ತಾರೆ. ವಿಮಾನದ ಹೊದಿಕೆ ತಗಡುಗಳಿಗೆ ಹೇಳಿ ಮಾಡಿಸಿದ ವಸ್ತು ಅದು. ಬಂಪರ್ ಅಂಚು, ಅಡಿಯ ತಗಡಿಗೆ ಬಹಳ ಒಳ್ಳೆಯದು. ಎತ್ತರ ಹೊಂದಿಸುವ ಅವಕಾಶ ಇಲ್ಲದ ಕಾರಣ, ಹಿಂಜ್ ಮೇಲೆ ತಿರುಗುವ ಬಾನೆಟ್‌ಗೆ ಬೇಡ.

ಸ್ಪರ್ಧೆಗೆ ಇಳಿಯುವ ಕಾರಾದರೆ ಆಯ್ಕೆ ನಿಮ್ಮದಲ್ಲ, ನಿಯಮ ಪುಸ್ತಕದ್ದು. ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎಯ ಅಪೆಂಡಿಕ್ಸ್ ಜೆ 253ನೇ ವಿಧಿಯ ಪ್ರಕಾರ ಬಾನೆಟ್‌ಗೆ ಕನಿಷ್ಠ ಎರಡು ಹೆಚ್ಚುವರಿ ಪಿನ್ ಬೇಕು, ಕಂಪನಿಯ ಲಾಕ್ ಕೆಲಸ ಮಾಡದಂತೆ ಮಾಡಬೇಕು ಅಥವಾ ತೆಗೆಯಬೇಕು, ಪ್ಲಾಸ್ಟಿಕ್ ಬಾನೆಟ್ ಆದರೆ ಪಿನ್ ಜಾಗಕ್ಕೆ ಲೋಹದ ಬಲ ಕೊಡಬೇಕು. ರಸ್ತೆ ಕಾರಿಗೆ ಇದರಲ್ಲಿ ಲಾಕ್ ತೆಗೆಯುವ ಭಾಗ ತಿರುಗುಮುರುಗು: ಲಾಕ್ ಕೂರುವ ಜಾಗ ಗಟ್ಟಿಯಿದ್ದರೆ ಅದನ್ನು ಉಳಿಸಿಕೊಂಡೇ ಪಿನ್ ಹಾಕಿ. ಕೊನೆಯ ಭಾಗ ಮಾತ್ರ ಎಲ್ಲರಿಗೂ ಅನ್ವಯ. ಚಾಚಿದ ಪಿನ್‌ಗಳನ್ನು ವಾಹನ ತಪಾಸಣೆಯಲ್ಲಿ ಒಪ್ಪದ ಊರುಗಳೂ ಇವೆ. ತೂತು ಕೊರೆಯುವ ಮೊದಲು ಕೇಳಿಕೊಳ್ಳಿ.

ಕೂರಿಸುವ ಕೆಲಸ

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಹಲವು ಕಾರುಗಳಲ್ಲಿ ಏರ್‌ಬ್ಯಾಗ್‌ನ ಮುಂದಿನ ಸೆನ್ಸರ್ ರೇಡಿಯೇಟರ್ ಮೇಲಿನ ಅಡ್ಡಪಟ್ಟಿಯಲ್ಲೇ ಇರುತ್ತದೆ. ಅದನ್ನು ಗುರುತಿಸಿ, ಅದರ ಹತ್ತಿರವೂ ಡ್ರಿಲ್ ಹೋಗದಂತೆ ಜಾಗ ಆರಿಸಿ. ರೇಡಿಯೇಟರ್ ಮತ್ತು ಎ.ಸಿ. ಕಂಡೆನ್ಸರ್ ಮುಂದೆ ಮರದ ಹಲಗೆ ಇಳಿಬಿಡಿ. ತಗಡು ತೂರಿದ ಕ್ಷಣ ಡ್ರಿಲ್ ಬಿಟ್ ಜರ್ರನೆ ಕೆಳಗೆ ನುಗ್ಗುತ್ತದೆ, ರಟ್ಟು ಅದನ್ನು ತಡೆಯುವುದಿಲ್ಲ.

ಪಿನ್‌ಗಳ ಜಾಗ ಬಾನೆಟ್‌ನ ಮುಂದಿನ ಎರಡು ಮೂಲೆಗಳ ಕಡೆ, ನಡುಗೆರೆಯಿಂದ ಸಮದೂರದಲ್ಲಿ. ಅಳತೆಯನ್ನು ಬಾನೆಟ್ ಅಂಚಿನಿಂದ ತೆಗೆಯಬೇಡಿ, ಫೈಬರ್ ಬಾನೆಟ್‌ನ ಎರಡು ಅಂಚು ಒಂದೇ ಸಮ ಇರುವುದು ಅಪರೂಪ. ಎರಡು ಹಿಂಜ್ ಬೋಲ್ಟ್‌ಗಳ ನಡುವಿನ ಮಧ್ಯಬಿಂದುವಿನಿಂದ ನಡುಗೆರೆ ಹೊಡೆಯಿರಿ. ಹೊಸ ಬಾನೆಟ್‌ನ ಸಂದುಗಳು ಸರಿಹೋಗುವಂತೆ ಹಿಂಜ್ ಹೊಂದಿಸಿ ಮುಗಿದ ಮೇಲೆಯೇ ಈ ಕೆಲಸ. ಪಿನ್ ಕೂರಿಸಿ ಆಮೇಲೆ ಹಿಂಜ್ ಸರಿಸಿದರೆ ಎಲ್ಲ ಅಳತೆಯೂ ನೀರಿಗೆ ಹೋದಂತೆ.

ಅಡ್ಡಪಟ್ಟಿ ತೆಳು ತಗಡಿನದ್ದಾದರೆ ಅದರಡಿಗೆ 3 ಮಿ.ಮೀ. ದಪ್ಪ, 50 × 75 ಮಿ.ಮೀ. ಅಳತೆಯ ಸ್ಟೀಲ್ ಪಟ್ಟಿ ಕೊಡಿ. ಕಿಟ್‌ನಲ್ಲಿ ಬರುವ ಚಿಕ್ಕ ವಾಷರ್ ಬದಲು ಹೊರ ವ್ಯಾಸ 30 ಮಿ.ಮೀ. ಇರುವ ದೊಡ್ಡ ವಾಷರ್ ಎರಡೂ ಕಡೆ. ಪಟ್ಟಿ ಟೊಳ್ಳು ಡಬ್ಬಿಯಂತಿದ್ದರೆ ಒಳಗೆ ಪೈಪಿನ ತುಂಡು ನಿಲ್ಲಿಸಿ, ಅದರೊಳಗಿಂದ ಪಿನ್ ಹಾಯಿಸಿ. ಇಲ್ಲದಿದ್ದರೆ ನಟ್ ಬಿಗಿದಷ್ಟೂ ಡಬ್ಬಿ ಚಪ್ಪಟೆಯಾಗಿ ಬಿಗಿ ಎಂದಿಗೂ ನಿಲ್ಲುವುದಿಲ್ಲ. ಹೊಸ ಕಾರುಗಳಲ್ಲಿ ಈ ಇಡೀ ಭಾಗ ಪ್ಲಾಸ್ಟಿಕ್ ಆಗಿರುವುದುಂಟು. ಪ್ಲಾಸ್ಟಿಕ್‌ಗೆ ಪಿನ್ ಬಿಗಿಯಲೇಬಾರದು. ಹಿಂದಿನ ಉಕ್ಕಿನ ಬೀಮ್‌ಗೋ ಚಾಸಿ ತುದಿಗೋ ಬ್ರಾಕೆಟ್ ಮಾಡಿಸಿ, ಪ್ಲಾಸ್ಟಿಕ್ ಮೂಲಕ ಪಿನ್ ಹಾದುಹೋಗಲಿ ಅಷ್ಟೇ.

ಪಿನ್ ನೆಟ್ಟಗೆ ನಿಂತಿರಬೇಕು ಎಂದು ಬಹುತೇಕರು ಲೆವೆಲ್ ಹಿಡಿದು ನಿಲ್ಲಿಸುತ್ತಾರೆ. ಅತಿ ಹೆಚ್ಚು ತೊಂದರೆ ಹುಟ್ಟುವುದು ಇಲ್ಲಿಂದಲೇ. ಹಿಂದೆ ಹಿಂಜ್ ಇರುವ ಬಾನೆಟ್ ನೇರ ಕೆಳಗೆ ಇಳಿಯುವುದಿಲ್ಲ, ವೃತ್ತದ ತುಂಡಿನಂತೆ ಇಳಿಯುತ್ತದೆ. ಹಿಂಜ್‌ನಿಂದ ಪಿನ್‌ಗೆ 1000 ಮಿ.ಮೀ. ದೂರ, ಬಾನೆಟ್ ಮುಂದೆ ಇಳಿಜಾರಾಗಿರುವುದರಿಂದ ಪಿನ್ ಜಾಗ ಹಿಂಜ್‌ಗಿಂತ 150 ಮಿ.ಮೀ. ಕೆಳಗೆ ಎಂದುಕೊಳ್ಳಿ. ಕೊನೆಯ 40 ಮಿ.ಮೀ. ಇಳಿಯುವಷ್ಟರಲ್ಲಿ ಬಾನೆಟ್ ಸುಮಾರು 5 ಮಿ.ಮೀ. ಹಿಂದಕ್ಕೂ ಸರಿದಿರುತ್ತದೆ. 10 ಮಿ.ಮೀ. ಪಿನ್‌ಗೆ 13 ಮಿ.ಮೀ. ತೂತು ಕೊರೆದಿದ್ದರೆ ಇರುವ ಸಡಿಲ ಮೂರೇ ಮಿ.ಮೀ. ಲೆವೆಲ್ ಹಿಡಿದು ನೆಟ್ಟಗೆ ನಿಲ್ಲಿಸಿದ ಪಿನ್ ಪ್ರತಿ ಸಲವೂ ತೂತಿನ ಅಂಚನ್ನು ಕೆರೆಯುತ್ತದೆ, ಫೈಬರ್ ಆದರೆ ಚೂರು ಎದ್ದು ಬರುತ್ತದೆ. ಪಿನ್ನಿನ ತಲೆ ಸ್ವಲ್ಪ ಮುಂದಕ್ಕೆ ವಾಲಿರಬೇಕು. ಈ ಲೆಕ್ಕದಲ್ಲಿ ಎಂಟೂವರೆ ಡಿಗ್ರಿಯಷ್ಟು. ಲೆಕ್ಕ ಬೇಡವೆಂದರೆ ಹಿಂಜ್ ತಿರುಗುವ ಬೋಲ್ಟ್‌ನಿಂದ, ಬಾನೆಟ್ ಮುಚ್ಚಿದಾಗ ಅದರ ತಗಡು ಪಿನ್ನನ್ನು ಹಾಯುವ ಜಾಗಕ್ಕೆ ದಾರ ಎಳೆದು ಹಿಡಿಯಿರಿ. ಪಿನ್ ಆ ದಾರಕ್ಕೆ ಲಂಬವಾಗಿದ್ದರೆ ಸರಿ, ಬಡಗಿಯ ಮೂಲೆಮಟ್ಟ ಇಟ್ಟು ನೋಡಬಹುದು. ವಾಲಿಸಲು ಬ್ರಾಕೆಟ್ಟನ್ನೇ ಬಾಗಿಸಿ ಅಥವಾ ಓರೆಯಾಗಿ ತೇಯ್ದ ವಾಷರ್ ಜೋಡಿ ಮೇಲೊಂದು ಕೆಳಗೊಂದು ಕೊಡಿ. ನಾಲ್ಕು ಕೊಂಡಿಗಳ ಹಿಂಜ್ ಇರುವ ಕಾರಿಗೆ ದಾರದ ಉಪಾಯ ನಡೆಯದು. ಬಾನೆಟ್ಟನ್ನು ಇಬ್ಬರು ಹಿಡಿದು ಕೊನೆಯ ನಾಲ್ಕು ಬೆರಳು ನಿಧಾನವಾಗಿ ಇಳಿಸುತ್ತಾ ಅಂಚು ಸಾಗುವ ದಾರಿಯನ್ನು ರಟ್ಟಿನ ಮೇಲೆ ಗುರುತಿಸಿ. ಮುಂದೆ ಹಿಂಜ್ ಇರುವ ಬಾನೆಟ್ಟನ್ನು ಗಾಳಿಯೇ ಮುಚ್ಚಿ ಹಿಡಿಯುತ್ತದೆ, ಅಲ್ಲಿ ಪಿನ್ ಹಿಂದುಗಡೆ ಬರುತ್ತದೆ, ವಿಷಯ ಇಷ್ಟು ಗಂಭೀರವಲ್ಲ.

ಮೊದಲು ಪಿನ್‌ಗಳನ್ನು ಅಡ್ಡಪಟ್ಟಿಗೆ ಬಿಗಿದು, ಮುಚ್ಚಿದ ಬಾನೆಟ್‌ಗೆ ತಾಗಿಯೂ ತಾಗದಷ್ಟು ತಗ್ಗಿಸಿ. ತುದಿಗೆ ಲಿಪ್‌ಸ್ಟಿಕ್ ಅಥವಾ ಗಟ್ಟಿ ಬಣ್ಣ ಮೆತ್ತಿ ಬಾನೆಟ್ ಮೆಲ್ಲಗೆ ಇಳಿಸಿ, ಒತ್ತಿ, ಎತ್ತಿ. ಅಡಿಯಲ್ಲಿ ಚುಕ್ಕೆ ಮೂಡುತ್ತದೆ. ಎರಡು ಪದರದ ಬಾನೆಟ್ ಆದರೆ ಚುಕ್ಕೆ ಬಿದ್ದದ್ದು ಒಳಪದರಕ್ಕೆ. ಅಲ್ಲಿ 25ರಿಂದ 30 ಮಿ.ಮೀ. ತೂತು ಬಿಡಿಸಿ, ಪಿನ್ ಎತ್ತರಿಸಿ, ಹೊರಪದರಕ್ಕೆ ಇನ್ನೊಮ್ಮೆ ಚುಕ್ಕೆ ತೆಗೆಯಿರಿ. ಚುಕ್ಕೆಯ ಮೇಲೆ ಅಡಿಯಿಂದಲೇ 3 ಮಿ.ಮೀ. ಬಿಟ್‌ನಲ್ಲಿ ತೂತು ಹಾಯಿಸಿ.

ಇನ್ನು ಹೊರಗಡೆಯಿಂದ. ಎರಡು ಪದರ ಮಾಸ್ಕಿಂಗ್ ಟೇಪ್ ಹಚ್ಚಿ ಸ್ಟೆಪ್ ಡ್ರಿಲ್‌ನಿಂದ 13 ಮಿ.ಮೀ.ವರೆಗೆ ದೊಡ್ಡದು ಮಾಡಿ. ಸ್ಟೀಲ್ ಬಾನೆಟ್‌ಗೆ ಸೆಂಟರ್ ಪಂಚ್ ಹೊಡೆಯಬಹುದು. ಫೈಬರ್, ಕಾರ್ಬನ್‌ಗೆ ಸುತ್ತಿಗೆ ತಾಗಿಸಲೇಬಾರದು, ಮೇಲ್ಪದರ ನಕ್ಷತ್ರದಂತೆ ಸೀಳುತ್ತದೆ. ಹೋಲ್ ಸಾ ಬಳಸುವುದಾದರೆ ಮೊದಲು ಡ್ರಿಲ್ಲನ್ನು ಹಿಂದುಮುಂದಾಗಿ ತಿರುಗಿಸಿ ಮೇಲ್ಪದರದಲ್ಲಿ ಗೆರೆ ಕೊರೆದುಕೊಂಡು, ಆಮೇಲೆ ನೇರ ತಿರುಗಿಸಿ ಇಳಿಸಿ. ಫ್ಲಶ್ ಲ್ಯಾಚ್ ಕಿಂಡಿಗೆ ತುದಿಗಳಲ್ಲಿ ತೂತು ತೆಗೆದು, ಗೆರೆಯಿಂದ 1 ಮಿ.ಮೀ. ಒಳಗೇ ಕತ್ತರಿಸಿ, ಉಳಿದದ್ದನ್ನು ಅರದಿಂದ ತನ್ನಿ. ಲ್ಯಾಚ್ ಇಟ್ಟು ನೋಡುವುದು, ಉಜ್ಜುವುದು, ಮತ್ತೆ ಇಟ್ಟು ನೋಡುವುದು. ಫೈಬರ್, ಕಾರ್ಬನ್ ಪುಡಿ ಶ್ವಾಸಕೋಶಕ್ಕೂ ಕಣ್ಣಿಗೂ ಕೆಟ್ಟದ್ದು. ಎನ್95 ಮಾಸ್ಕ್, ಕನ್ನಡಕ, ಉದ್ದ ತೋಳಿನ ಅಂಗಿ ಕಡ್ಡಾಯ. ಕಾರ್ಬನ್ ಪುಡಿ ವಿದ್ಯುತ್ ಹರಿಸುತ್ತದೆ, ಹಾಗಾಗಿ ಬ್ಯಾಟರಿ, ಫ್ಯೂಸ್ ಪೆಟ್ಟಿಗೆ ಮೇಲೆ ಬಟ್ಟೆ ಹೊದಿಸಿ, ಊದದೆ ವ್ಯಾಕ್ಯೂಮ್‌ನಿಂದ ಎಳೆಯಿರಿ.

ಕತ್ತರಿಸಿದ ಅಂಚನ್ನು ಹಾಗೇ ಬಿಡುವುದು ಈ ಕೆಲಸದಲ್ಲಿ ಹೆಚ್ಚು ಕಾಣುವ ಸೋಮಾರಿತನ. ಸ್ಟೀಲ್ ಅಂಚಿಗೆ ಸಿಪ್ಪೆ ಉಜ್ಜಿ, ಜಿಂಕ್ ಪ್ರೈಮರ್, ಮೇಲೆ ಬಣ್ಣ. ಫೈಬರ್ ಅಂಚಿಗೆ ತೆಳು ಎಪಾಕ್ಸಿ ಸವರಿ ನೀರು ಹೀರದಂತೆ ಮಾಡಿ. ಕಾರ್ಬನ್ ಬಾನೆಟ್‌ಗೆ ಅಲ್ಯೂಮಿನಿಯಂ ಪ್ಲೇಟ್ ನೇರ ತಾಗಿದರೆ ನೀರು ಬಿದ್ದಾಗ ಅಲ್ಯೂಮಿನಿಯಂ ಬೂದಿಯಂತೆ ಕೊರೆದುಹೋಗುತ್ತದೆ. ನಡುವೆ ರಬ್ಬರ್ ಅಥವಾ ಫೋಮ್ ಟೇಪ್ ಇರಲಿ, ಅಥವಾ ಸ್ಟೇನ್‌ಲೆಸ್ ಪ್ಲೇಟನ್ನೇ ಬಳಸಿ. ಡ್ರಿಲ್‌ನಿಂದ ಉದುರಿದ ಕಬ್ಬಿಣದ ಸುರುಳಿಗಳು ಬಣ್ಣದ ಮೇಲೆ ಉಳಿದರೆ ಮುಂದಿನ ತೊಳೆತಕ್ಕೆ ಅಲ್ಲೆಲ್ಲ ಕಂದು ಚುಕ್ಕೆ.

ಸ್ಕಫ್ ಪ್ಲೇಟ್‌ಗೆ ಕಿಟ್‌ನಲ್ಲಿ ಕೊಡುವ ಸ್ಕ್ರೂ ಬಿಸಾಡಿ. ತೆಳು ಫೈಬರ್‌ನಲ್ಲಿ ಅವು ಹಿಡಿಯುವುದಿಲ್ಲ. 4 ಮಿ.ಮೀ. ರಿವೆಟ್, ಅಡಿಗೆ ವಾಷರ್ ಕೊಟ್ಟು ಹೊಡೆಯಿರಿ. ವಾಷರ್ ಇಲ್ಲದಿದ್ದರೆ ರಿವೆಟ್ ಬಾಲ ಅರಳುವಾಗ ಫೈಬರನ್ನು ಸೀಳುತ್ತದೆ. ಪಿನ್ ಹಾಯುವ ಜಾಗದ ಅಡಿಗೆ 1.5 ಮಿ.ಮೀ. ಅಲ್ಯೂಮಿನಿಯಂ ತಗಡನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಕಾರ್ಬನ್ ಆದರೆ ಸ್ಟೇನ್‌ಲೆಸ್ ತಗಡು, ಎಪಾಕ್ಸಿಯಿಂದ ಅಂಟಿಸಿ ಅದೇ ರಿವೆಟ್‌ಗೆ ಸೇರಿಸಿದರೆ ಬಲ ಅಷ್ಟಗಲಕ್ಕೆ ಹಂಚಿಹೋಗುತ್ತದೆ.

ಕೊನೆಗೆ ಎತ್ತರ. ಬಾನೆಟ್ ರಬ್ಬರ್ ಗುಬುಟುಗಳ ಮೇಲೆ ಕೂತಿರಲಿ. ಪಿನ್ ಬಳಿ ಅಂಗೈಯಿಂದ ಒತ್ತಿದಾಗ ರಬ್ಬರ್ ಒಂದೆರಡು ಮಿ.ಮೀ. ಕುಗ್ಗಬೇಕು, ಆಗ ಅಡ್ಡ ತೂತಿನ ಕೆಳ ಅಂಚು ಪ್ಲೇಟ್ ಮಟ್ಟಕ್ಕೆ ಬಂದು ಕ್ಲಿಪ್ ಸಲೀಸಾಗಿ ಹೋಗಬೇಕು. ಕೈ ಬಿಟ್ಟಾಗ ರಬ್ಬರ್ ಬಾನೆಟ್ಟನ್ನು ಕ್ಲಿಪ್‌ಗೆ ಒತ್ತಿ ಹಿಡಿಯುತ್ತದೆ, ಸದ್ದು ಬರುವುದಿಲ್ಲ. ಒತ್ತದೆಯೇ ಕ್ಲಿಪ್ ಹೋಗುತ್ತಿದ್ದರೆ ಪಿನ್ ಎತ್ತರ ಜಾಸ್ತಿ, ಬಾನೆಟ್ ಕಟಕಟ ಎನ್ನುತ್ತದೆ ಮತ್ತು ತೂತು ಸವೆಯುತ್ತದೆ. ಮೈಭಾರ ಹಾಕಿ ಒತ್ತಬೇಕಾಗಿದ್ದರೆ ತಗ್ಗು ಜಾಸ್ತಿ, ನಡುಭಾಗ ಉಬ್ಬಿ ಬಣ್ಣದಲ್ಲಿ ಬಿರುಕು ಬರುತ್ತದೆ. ಪಿನ್ ಸಾದಾ ತೂತಿನಲ್ಲಿ ಎರಡು ನಟ್‌ಗಳ ನಡುವೆ ನಿಂತಿದ್ದರೆ ನಟ್‌ಗಳನ್ನಷ್ಟೇ ತಿರುಗಿಸಿ ಎಷ್ಟು ಬೇಕಾದರೂ ಸರಿಸಬಹುದು, ಅಡ್ಡ ತೂತಿನ ದಿಕ್ಕು ಬದಲಾಗುವುದಿಲ್ಲ. ಪಟ್ಟಿಗೆ ನಟ್ ವೆಲ್ಡ್ ಮಾಡಿಸಿದ್ದರೆ ಪಿನ್ನನ್ನೇ ತಿರುಗಿಸಬೇಕು, ದಿಕ್ಕು ಉಳಿಯಬೇಕೆಂದರೆ ಅರ್ಧ ಸುತ್ತಿನ ಲೆಕ್ಕದಲ್ಲೇ. ಎಂ10 ಥ್ರೆಡ್‌ನಲ್ಲಿ ಅರ್ಧ ಸುತ್ತು ಎಂದರೆ 0.75 ಮಿ.ಮೀ. ಫ್ಲಶ್ ಲ್ಯಾಚ್‌ಗೆ ಈ ಹೆಜ್ಜೆ ಕೆಲವೊಮ್ಮೆ ದಪ್ಪವಾಯಿತು, ಆಗ ರಬ್ಬರ್ ಗುಬುಟಿನ ಎತ್ತರದಲ್ಲಿ ಉಳಿದದ್ದನ್ನು ಸರಿದೂಗಿಸಿ.

ಹೇರ್‌ಪಿನ್ ಕ್ಲಿಪ್ ಆದರೆ ಅದರ ಬಾಗಿದ ತಲೆ ಮುಂದಕ್ಕೆ, ತೆರೆದ ಕಾಲುಗಳು ಹಿಂದಕ್ಕೆ ಇರಲಿ, ಗಾಳಿ ಅದನ್ನು ಒಳಕ್ಕೇ ತಳ್ಳುತ್ತದೆ. ಕೆಳಗಿನ ನಟ್ ನೈಲಾಕ್ (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರವಿರುವ ನಟ್) ಇರಲಿ, ಬಿಗಿದ ಮೇಲೆ ನಟ್‌ನಿಂದ ಪಟ್ಟಿಯವರೆಗೆ ಬಣ್ಣದ ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡ ದಿನ ನಟ್ ಸಡಿಲವಾಗಿದೆ ಎಂದು ತಿಳಿಯುತ್ತದೆ.

ಮೊದಲ ಓಟ ಖಾಲಿ ರಸ್ತೆಯಲ್ಲಿ. 40, 60, 80 ಕಿ.ಮೀ. ಹೀಗೆ ಏರಿಸುತ್ತಾ, ಪ್ರತಿ ಹಂತದಲ್ಲೂ ನಿಲ್ಲಿಸಿ ನೋಡಿ. ಬಾನೆಟ್‌ನ ನಡುಭಾಗ ಅದುರುತ್ತಿದ್ದು ಮೂಲೆಗಳು ಗಟ್ಟಿಯಿದ್ದರೆ ಪಿನ್‌ಗಳು ತೀರಾ ಹೊರಗಾದವು ಅಥವಾ ಬಾನೆಟ್ಟೇ ತೆಳು. ಒಂದೇ ಮೂಲೆ ಅದುರಿದರೆ ಆ ಕಡೆಯ ಎತ್ತರ ತಪ್ಪಿದೆ. ಪಿನ್ನಿನ ಒಂದೇ ಪಕ್ಕದಲ್ಲಿ ಹೊಳೆಯುವ ಗೀರು ಮೂಡಿದ್ದರೆ ವಾಲು ಸರಿಯಿಲ್ಲ: ಗೀರು ಹಿಂದಿನ ಪಕ್ಕದಲ್ಲಿ, ತುದಿಯ ಕಡೆಗೆ ಇದ್ದರೆ ತಲೆಯನ್ನು ಮುಂದಕ್ಕೆ ಇನ್ನಷ್ಟು ಓರೆ ಮಾಡಬೇಕು; ಮುಂದಿನ ಪಕ್ಕದಲ್ಲಿದ್ದರೆ ವಾಲು ಹೆಚ್ಚಾಗಿದೆ. 100 ಕಿ.ಮೀ. ಓಡಿದ ಮೇಲೆ ಎಲ್ಲ ನಟ್, ರಿವೆಟ್ ಇನ್ನೊಮ್ಮೆ ಮುಟ್ಟಿ ನೋಡಿ, ಮತ್ತು ಎರಡು ಕ್ಲಿಪ್ ಹೆಚ್ಚಿಗೆ ಕೊಂಡು ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಹಾಕಿಡಿ.